ನಾಲೆ, ನದಿ ಮತ್ತು ಕೃಷಿ ಹೊಂಡಗಳ ಬಳಿ ಸುರಕ್ಷತೆ: ಸಾರ್ವಜನಿಕರಿಗೆ ಮಾಹಿತಿ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ನಾಗರಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ತುರ್ತು ಸೇವೆಯೆಂದರೆ ಬೆಂಕಿ ನಂದಿಸುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ನಾಲೆಗಳು ಹರಿದಿರುವ ಈ ಪ್ರದೇಶದಲ್ಲಿ ರಕ್ಷಣಾ ಸಿಬ್ಬಂದಿಗೆ ಬರುವ ಕಠಿಣವಾದ ಕರೆಗಳು ನೀರಿಗೆ ಸಂಬಂಧಿಸಿದವು. ಉಸಿರಾಟ ನಿಂತ ನಾಲ್ಕಾರು ನಿಮಿಷಗಳಲ್ಲಿಯೇ ಮಿದುಳಿಗೆ ಹಾನಿಯಾಗತೊಡಗುತ್ತದೆ. ಠಾಣೆಯಿಂದ ವಾಹನವು ಎಷ್ಟೇ ಶೀಘ್ರವಾಗಿ ಹೊರಟರೂ ಅಷ್ಟರೊಳಗೆ ಹಳ್ಳಿಯ ನಾಲೆಯನ್ನು ತಲುಪುವುದು ವಿರಳ. ಆದುದರಿಂದ ಮೊದಲ ನಿಮಿಷಗಳಲ್ಲಿ ದಡದ ಮೇಲಿರುವವರು ಮಾಡುವ ಕಾರ್ಯವೇ ನಿರ್ಣಾಯಕವಾಗಿರುತ್ತದೆ.

ವಿಶ್ವೇಶ್ವರಯ್ಯ ನಾಲೆ

ಕೃಷ್ಣರಾಜಸಾಗರದಿಂದ ಹೊರಟು ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ಮೂಲಕ ಹರಿಯುವ ವಿಶ್ವೇಶ್ವರಯ್ಯ ನಾಲೆಯು ಜಿಲ್ಲೆಯ ಕೃಷಿಗೆ ಜೀವನಾಡಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಉರುಳಿ, ಶಾಲಾ ಮಕ್ಕಳೂ ಸೇರಿದಂತೆ 30 ಮಂದಿ ಮೃತಪಟ್ಟರು. ಅದು ರಾತ್ರಿಯಲ್ಲ, ಹಾಡಹಗಲು. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರೊಂದು ನಾಲೆಗೆ ಬಿದ್ದು ನಾಲ್ವರು ಮಹಿಳೆಯರು, ಅದೇ ವರ್ಷದ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟ ಬಳಿ ಮತ್ತೊಂದು ಕಾರು ಬಿದ್ದು ಐವರು ಅಸುನೀಗಿದರು.

ತಡೆಗೋಡೆಯಿಲ್ಲದ ಏರಿಯ ಮೇಲೆ ವಾಹನ ಚಲಾಯಿಸುವವರು ಎದುರಿನ ವಾಹನಕ್ಕೆ ದಾರಿ ಬಿಡುವಾಗ ನಾಲೆಯ ಅಂಚಿಗೆ ಸರಿಯಬಾರದು. ಮಳೆಯಲ್ಲಿ ನೆನೆದ ಅಂಚಿನ ಮಣ್ಣು ಚಕ್ರದ ಭಾರಕ್ಕೆ ಕುಸಿಯುತ್ತದೆ. ನಿಂತು ದಾರಿ ಬಿಡುವುದು ಅಥವಾ ಹಿಂದಕ್ಕೆ ಹೋಗುವುದು ಲೇಸು. ಕಬ್ಬು ತುಂಬಿದ ಟ್ರ್ಯಾಕ್ಟರ್ ಮತ್ತು ಎತ್ತಿನಗಾಡಿಗಳ ಹಿಂಬದಿಗೆ ಪ್ರತಿಫಲಕ ಪಟ್ಟಿ ಅಂಟಿಸತಕ್ಕದ್ದು.

ನಾಲೆಯ ನೀರಿನ ಬಗ್ಗೆ ಸ್ಥಳೀಯರಲ್ಲಿಯೇ ಒಂದು ತಪ್ಪು ಕಲ್ಪನೆಯಿದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದರಿಂದ ಕೆಲವು ದಿನ ನಾಲೆ ಬರಿದಾಗಿದ್ದು ಮಕ್ಕಳು ಅದರೊಳಗೆ ಓಡಾಡಿರುತ್ತಾರೆ. ಆಳ ತಿಳಿದಿದೆ ಎಂದು ಭಾವಿಸುತ್ತಾರೆ. ತುಂಬಿ ಹರಿಯುವಾಗ ಅಪಾಯ ಆಳದಿಂದ ಮಾತ್ರವಲ್ಲ, ಸೆಳೆತ ಹಾಗೂ ಪಕ್ಕದ ಇಳಿಜಾರಿನಿಂದ. ಕಾಂಕ್ರೀಟ್ ಹೊದಿಕೆಯ ಮೇಲೆ ಪಾಚಿ ಕಟ್ಟಿದರೆ ನುರಿತ ಈಜುಗಾರನೂ ಹತ್ತಲಾರ. ಬಟ್ಟೆ ಒಗೆಯುವವರು, ದನ ತೊಳೆಯುವವರು ಸೋಪಾನಗಳಿರುವ ಸ್ಥಳವನ್ನು ಮಾತ್ರ ಬಳಸತಕ್ಕದ್ದು. ಒಬ್ಬರೇ ಹೋಗಬಾರದು. ಜಾರಿದ ಕೊಡ ಅಥವಾ ಬಟ್ಟೆಯನ್ನು ಹಿಡಿಯಲು ನೀರಿಗಿಳಿಯಬಾರದು. ಇದು ಸಣ್ಣ ಮಾತೆಂದು ತೋರಬಹುದು. ಸೆಳೆತದಲ್ಲಿ ಒಂದು ಹೆಜ್ಜೆ ಜಾರಿದರೆ ಹಿಂದಿರುಗುವ ದಾರಿಯಿರುವುದಿಲ್ಲ.

ವಾಹನ ನೀರಿಗೆ ಬಿದ್ದಲ್ಲಿ

ಕಾರು ನೀರಿಗೆ ಬಿದ್ದೊಡನೆ ಮುಳುಗುವುದಿಲ್ಲ. ಸಾಮಾನ್ಯವಾಗಿ ಅರ್ಧದಿಂದ ಒಂದು ನಿಮಿಷ ತೇಲುತ್ತದೆ. ದೂರವಾಣಿ ಕರೆ ಮಾಡಲು ಈ ಸಮಯವನ್ನು ಕಳೆಯಬಾರದು. ಮೊದಲು ಸೀಟ್ ಬೆಲ್ಟ್ ಬಿಚ್ಚಿ, ಕೂಡಲೇ ಪಕ್ಕದ ಕಿಟಕಿಯ ಗಾಜನ್ನು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ ನಂತರ ತಾವು ಹೊರಬರತಕ್ಕದ್ದು. ಬಾಗಿಲು ತೆರೆಯಲು ಯತ್ನಿಸಬಾರದು. ಹೊರಗಿನ ನೀರಿನ ಒತ್ತಡದಿಂದ ಅದು ತೆರೆಯುವುದು ಕಷ್ಟ, ತೆರೆದರೂ ನೀರು ಒಮ್ಮೆಲೇ ನುಗ್ಗಿ ವಾಹನ ಬೇಗ ಮುಳುಗುತ್ತದೆ. ಕಿಟಕಿ ಇಳಿಯದಿದ್ದಲ್ಲಿ ಪಕ್ಕದ ಗಾಜಿನ ಮೂಲೆಗೆ ಗಟ್ಟಿಯಾದ ಲೋಹದ ಮೊನೆಯಿಂದ ಹೊಡೆಯಬೇಕು. ಮುಂದಿನ ಗಾಜು ಎರಡು ಪದರದ್ದಾಗಿರುವುದರಿಂದ ಅದನ್ನು ಒಡೆಯುವ ಪ್ರಯತ್ನ ವ್ಯರ್ಥ. ಬಸ್ಸು ಹತ್ತಿದಾಗ ತುರ್ತು ನಿರ್ಗಮನ ದ್ವಾರ ಯಾವ ಕಡೆಯಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ದಡದ ಮೇಲಿರುವವರು ಮಾಡಬೇಕಾದುದು

ಮುಳುಗುತ್ತಿರುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂದು ನಿರೀಕ್ಷಿಸಬಾರದು. ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗಲು ಉಸಿರೇ ಇರುವುದಿಲ್ಲ. ಬಹುಪಾಲು ಮುಳುಗಡೆಗಳು ನಿಶ್ಶಬ್ದವಾಗಿಯೇ ಸಂಭವಿಸುತ್ತವೆ.

ಒಬ್ಬರನ್ನು ರಕ್ಷಿಸಲು ಹೋಗಿ ಅಣ್ಣ, ತಾಯಿ, ಗೆಳೆಯರು ಒಬ್ಬರ ಹಿಂದೆ ಒಬ್ಬರು ನೀರುಪಾಲಾಗುವುದು ನಮ್ಮ ಸಿಬ್ಬಂದಿಯು ಕಾಣುವ ಅತ್ಯಂತ ದುಃಖಕರ ಸನ್ನಿವೇಶ. ಕಣ್ಣೆದುರಿಗೆ ಮಗು ಮುಳುಗುತ್ತಿರುವಾಗ ಹಾರಬೇಡಿ ಎಂದು ಹೇಳುವುದು ಸುಲಭವಲ್ಲವೆಂಬುದನ್ನು ಇಲಾಖೆಯು ಬಲ್ಲದು. ಆದರೂ ಮುಳುಗುವವರು ಹತ್ತಿರ ಬಂದವರನ್ನು ತಬ್ಬಿ ಹಿಡಿಯುತ್ತಾರೆ, ಇಬ್ಬರೂ ಮುಳುಗುತ್ತಾರೆ. ಹಗ್ಗ, ಉದ್ದನೆಯ ಬಿದಿರು ಗಳ, ಗಂಟು ಹಾಕಿ ಜೋಡಿಸಿದ ಸೀರೆ ಅಥವಾ ಪಂಚೆಯನ್ನು ದಡದ ಮೇಲೆ ಬೋರಲು ಮಲಗಿ ನೀಡತಕ್ಕದ್ದು. ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು ತೇಲುವ ಆಸರೆಯಾಗುತ್ತವೆ. ನಾಲೆಯಲ್ಲಿ ವ್ಯಕ್ತಿಯು ಬಿದ್ದ ಸ್ಥಳದಲ್ಲಿ ಇರುವುದಿಲ್ಲ. ಆದ್ದರಿಂದ ಒಬ್ಬರು ಏರಿಯ ಮೇಲೆ ಹರಿವಿನ ದಿಕ್ಕಿನಲ್ಲಿ ಮುಂದೆ ಓಡಿ, ಮುಂದಿನ ಸೇತುವೆಯ ಬಳಿ ಹಗ್ಗದೊಡನೆ ಕಾಯಬೇಕು. ತೂಬಿನ ಗೇಟುಗಳನ್ನು ಸಾರ್ವಜನಿಕರು ತಾವಾಗಿಯೇ ತಿರುಗಿಸಬಾರದು. ಹರಿವನ್ನು ತಗ್ಗಿಸುವ ಕಾರ್ಯವನ್ನು ನೀರಾವರಿ ಅಧಿಕಾರಿಗಳು ನಿರ್ವಹಿಸುತ್ತಾರೆ.

ಮೇಲಕ್ಕೆ ತಂದವರನ್ನು ತಲೆಕೆಳಗಾಗಿ ತೂಗುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಈಗಲೂ ಹಳ್ಳಿಗಳಲ್ಲಿ ರೂಢಿಯಲ್ಲಿದೆ. ಇದು ಅಪಾಯಕಾರಿ. ಹೊಟ್ಟೆಯಲ್ಲಿನ ಪದಾರ್ಥ ಶ್ವಾಸಕೋಶಕ್ಕೆ ಸೇರುತ್ತದೆ, ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಉಸಿರಾಟವಿಲ್ಲದಿದ್ದಲ್ಲಿ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಎರಡು ಬಾರಿ ಉಸಿರು ನೀಡಬೇಕು. ಬಳಿಕ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಪುನಃ ಎರಡು ಉಸಿರು. ಆಂಬ್ಯುಲೆನ್ಸ್ ಬರುವವರೆಗೆ ಹೀಗೆಯೇ ಮುಂದುವರಿಸತಕ್ಕದ್ದು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಉಸಿರಾಟದ ತೊಂದರೆಯು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಕರೆ ಮಾಡುವ ವಿಧಾನ

ತುರ್ತು ದೂರವಾಣಿ ಸಂಖ್ಯೆ 112. ಆಂಬ್ಯುಲೆನ್ಸ್‌ಗಾಗಿ 108. ಕರೆಗೆ ಶುಲ್ಕವಿಲ್ಲ, ಅರ್ಜಿಯೂ ಬೇಕಿಲ್ಲ. "ನಾಲೆ ಹತ್ತಿರ ಬನ್ನಿ" ಎಂಬ ಮಾಹಿತಿ ಸಾಲದು. ನಾಲೆಯು ಹತ್ತಾರು ಕಿಲೋಮೀಟರ್ ಹರಿಯುತ್ತದೆ. ತಾಲ್ಲೂಕು, ಹತ್ತಿರದ ಗ್ರಾಮ, ಮುಖ್ಯ ನಾಲೆಯೋ ವಿತರಣಾ ನಾಲೆಯೋ, ಸೇತುವೆ ಅಥವಾ ತೂಬಿನ ಗುರುತು, ಯಾವ ಬದಿಯ ಏರಿಯ ಮೇಲೆ ವಾಹನ ಬರಬಹುದು, ಎಷ್ಟು ಮಂದಿ ನೀರಿನಲ್ಲಿದ್ದಾರೆ ಎಂಬುದನ್ನು ತಿಳಿಸಬೇಕು. ಏರಿಯ ಬದಿ ತಪ್ಪಿದರೆ ಮುಂದಿನ ಸೇತುವೆಯವರೆಗೆ ಸುತ್ತಿ ಬರಬೇಕಾಗುತ್ತದೆ. ಡಾಂಬರು ರಸ್ತೆಯ ತಿರುವಿನಲ್ಲಿ ಒಬ್ಬರು ನಿಂತು ದಾರಿ ತೋರಿದರೆ ಬಹಳ ಉಪಕಾರವಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಾದರೆ ಸಮೀಪದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಹೇಳಿದರೆ ಸಾಕು.

ನದಿ ಮತ್ತು ಹೊಂಡಗಳು

ಕೃಷ್ಣರಾಜಸಾಗರದ ಮಟ್ಟ ಗರಿಷ್ಠ 124.80 ಅಡಿಯನ್ನು ಸಮೀಪಿಸಿದಾಗ ನದಿಗೆ ನೀರು ಬಿಡಲಾಗುತ್ತದೆ. ಆಗ ಬಲಮುರಿ, ಎಡಮುರಿ, ನಿಮಿಷಾಂಬ ಸ್ನಾನಘಟ್ಟ, ಸಂಗಮ ಹಾಗೂ ವೆಲ್ಲೆಸ್ಲಿ ಸೇತುವೆಯ ಬಳಿ ನೀರು ಏರುವುದು ಮಳೆಯಿಲ್ಲದ ದಿನವೂ ಆಗಬಹುದು. ಮಳೆ ಬಿದ್ದಿರುವುದು ಕೊಡಗಿನಲ್ಲಿ. ಪ್ರವಾಸಿಗರಿಗೆ ಇದು ತಿಳಿದಿರುವುದಿಲ್ಲವಾದ್ದರಿಂದ ಸ್ಥಳೀಯರು ಎಚ್ಚರಿಸಬೇಕೆಂದು ಕೋರಲಾಗಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ಅಣೆಕಟ್ಟೆಯ ಕೆಳಭಾಗದಲ್ಲಿ ನೀರು ಸುಳಿಯಾಗಿ ತಿರುಗುವುದರಿಂದ ಅಲ್ಲಿ ಈಜಬಾರದು.

ನಾಗಮಂಗಲದಂತಹ ಮಳೆಯಾಶ್ರಿತ ಭಾಗಗಳಲ್ಲಿ ಅಪಾಯದ ಸ್ವರೂಪ ಬೇರೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ಪಾಲಿಥೀನ್ ಹೊದಿಸಿದ ಕೃಷಿ ಹೊಂಡಗಳು ಹೆಚ್ಚಾಗಿವೆ. ಈ ಹಾಳೆ ಒದ್ದೆಯಾದರೆ ಕಾಲೂರಲು ಎಡೆಯೇ ಇರುವುದಿಲ್ಲ. ಸುತ್ತ ತಂತಿಬೇಲಿ ಹಾಕತಕ್ಕದ್ದು. ನಾಲ್ಕೂ ಬದಿಗೆ ಗೂಟ ನೆಟ್ಟು, ಗಂಟು ಹಾಕಿದ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟರೆ ಹಿಡಿದು ಹತ್ತಬಹುದು. ಖರ್ಚು ಅಲ್ಪ. ವಿಫಲವಾದ ಕೊಳವೆಬಾವಿಗಳ ಬಾಯಿಯನ್ನು ಕೂಡಲೇ ಭದ್ರವಾಗಿ ಮುಚ್ಚಬೇಕು.

ಘಟನೆಯ ನಂತರ

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ವಿಚಾರಣೆಗೆ ಅಲೆಯಬೇಕಾದೀತೆಂದು ಹಿಂಜರಿಯಬೇಕಾಗಿಲ್ಲ. ನೆರವಾದವರಿಗೆ ಕರ್ನಾಟಕದ 2016ರ ಕಾಯ್ದೆ ಹಾಗೂ ರಸ್ತೆ ಅಪಘಾತಗಳ ಸಂದರ್ಭದಲ್ಲಿ ಮೋಟಾರು ವಾಹನ ಕಾಯ್ದೆಯ 134ಎ ಪ್ರಕರಣದಡಿ ರಕ್ಷಣೆಯಿದೆ. ಸಾವು ಸಂಭವಿಸಿದಲ್ಲಿ ಆಯಾ ವ್ಯಾಪ್ತಿಯ ಪೊಲೀಸ್ ಠಾಣೆಗೆ ತಿಳಿಸಿ, ಮರಣೋತ್ತರ ಪರೀಕ್ಷೆಗೆ ಮುನ್ನ ಅಂತ್ಯಕ್ರಿಯೆ ನಡೆಸಬಾರದು. ವಿಮೆ ಕೋರುವಾಗ ಆ ವರದಿ ಅಗತ್ಯವಾಗುತ್ತದೆ. ಮರಣವನ್ನು 21 ದಿನಗಳೊಳಗಾಗಿ ನೋಂದಾಯಿಸಿಕೊಳ್ಳತಕ್ಕದ್ದು. ರಕ್ಷಣಾ ಕಾರ್ಯ ನಡೆದ ಬಗ್ಗೆ ದಾಖಲೆ ಬೇಕಿದ್ದಲ್ಲಿ, ದಿನಾಂಕ, ಸಮಯ ಮತ್ತು ಸ್ಥಳವನ್ನು ನಮೂದಿಸಿ, ಸ್ಥಳಕ್ಕೆ ಬಂದಿದ್ದ ಅಗ್ನಿಶಾಮಕ ಠಾಣೆಯ ಅಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ.