ಮ್ಯಾಕ್‌ಗ್ರೆಗರ್ ಮನೆತನದ ದನದ ಜಮೀನು ಉಳಿದುಕೊಂಡ ಬಗೆ

ಸ್ಮರಣ ಸಂಚಿಕೆ ಎಂದ ಮೇಲೆ ವರದಿ, ಶುಭ ಸಂದೇಶ, ಜಾಹೀರಾತು ಇದ್ದೇ ಇರುತ್ತವೆ. ಅವುಗಳ ನಡುವೆ ದೂರದ ದೇಶದ ಒಂದು ದನ ಸಾಕುವ ಜಮೀನಿನ ಇತಿಹಾಸವನ್ನು ಸದಸ್ಯ ಬಾಂಧವರ ಮುಂದಿಡಲು ಬಯಸುತ್ತೇವೆ. ದನ, ಹುಲ್ಲು, ಖಾತೆ, ತೆರಿಗೆ ಇವು ಇರೋ ಕಥೆ ಯಾವ ದೇಶದ್ದಾದರೂ ನಮ್ಮವರಿಗೆ ಅರ್ಥವಾಗದೇ ಹೋಗದು.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ರಾಕಿ ಪರ್ವತಗಳ ನಡುವೆ ಎಸ್ಟಿಸ್ ಪಾರ್ಕ್ ಎಂಬ ಕಣಿವೆ ಇದೆ. ಸಮುದ್ರಮಟ್ಟದಿಂದ ಸುಮಾರು 7,500 ಅಡಿ ಎತ್ತರ. ಬೇಸಿಗೆಯಲ್ಲಿ ಒಳ್ಳೇ ಹುಲ್ಲು, ಚಳಿಗಾಲದಲ್ಲಿ ಹಿಮ. ಮೊದಲು ಅರಪಾಹೊ ಮತ್ತು ಯೂಟ್ ಜನಾಂಗದವರು ಬೇಟೆಗೆ ಬರುತ್ತಿದ್ದ ಜಾಗವಿದು. ಬಿಳಿಯರು ಬಂದ ಮೇಲೆ ಅವರ ಹಕ್ಕನ್ನು ಕೇಳಿದವರಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೇದು.

ಅಲ್ಲಿನ ಸರ್ಕಾರ 1862ರಲ್ಲಿ ಒಂದು ಕಾಯಿದೆ ಮಾಡಿತ್ತು. ಸರ್ಕಾರಿ ಜಮೀನಿನಲ್ಲಿ 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದವರಿಗೆ ಅದು ಸ್ವಂತವಾಗುತ್ತಿತ್ತು. ಇದರಂತೆ 1873ರ ಹೊತ್ತಿಗೆ ಅಲೆಕ್ಸಾಂಡರ್ ಮ್ಯಾಕ್‌ಗ್ರೆಗರ್ ಎಂಬುವರು ಹೆಂಡತಿ ಕ್ಲಾರಾ ಜೊತೆ ಈ ಕಣಿವೆಗೆ ಬಂದು ನೆಲೆಯೂರಿದರು. ಅವರು ವಕೀಲರು. ಕೋರ್ಟು ಬಿಟ್ಟು ದನ ಕಟ್ಟೋಕೆ ಬಂದ ವಕೀಲರು ಎಲ್ಲಿ ಸಿಗ್ತಾರೆ ಹೇಳಿ!

ಆದರೆ ಆ ವಕೀಲಿಕೆಯೇ ಮುಂದೆ ಕೆಲಸಕ್ಕೆ ಬಂತು. ಲಾರ್ಡ್ ಡನ್‌ರೇವನ್ ಎಂಬ ಐರ್ಲೆಂಡಿನ ಶ್ರೀಮಂತನೊಬ್ಬ 1872ರಲ್ಲಿ ಇಲ್ಲಿಗೆ ಬೇಟೆಗೆ ಬಂದವನು, ಇಡೀ ಕಣಿವೆ ತನಗೇ ಬೇಕು ಎಂದು ಹೊರಟ. ಅವನ ಕಡೆಯವರು ಯಾರ್ಯಾರದೋ ಹೆಸರಿನಲ್ಲಿ 160 ಎಕರೆಯ ಅರ್ಜಿಗಳನ್ನು ಹಾಕಿಸಿ, ಆಮೇಲೆ ಆ ಜಮೀನನ್ನು ಅವನಿಗೆ ಬರೆಸಿಕೊಂಡರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬೇನಾಮಿ. ಹಳ್ಳ, ಒರತೆ ಇರುವ ತುಂಡುಗಳನ್ನೇ ಹಿಡಿದರು. ನೀರು ಕೈಲಿದ್ದರೆ ಸುತ್ತಲ ಹುಲ್ಲುಗಾವಲೂ ಕೈಲಿದ್ದ ಹಾಗೇ ತಾನೆ? ಇದನ್ನು ಕಾನೂನಿನ ಮೂಲಕ ಎದುರಿಸಿದವರಲ್ಲಿ ಮ್ಯಾಕ್‌ಗ್ರೆಗರ್ ಪ್ರಮುಖರು. ಕೊನೆಗೆ ಡನ್‌ರೇವನ್ ಕಣಿವೆ ಬಿಟ್ಟುಹೋದ. 1908ರಲ್ಲಿ ಅವನ ಆಸ್ತಿಯೂ ಬೇರೆಯವರ ಪಾಲಾಯಿತು.

ಮ್ಯಾಕ್‌ಗ್ರೆಗರ್ 1875ರಲ್ಲಿ ಕೆಳಗಿನ ಲಾಯನ್ಸ್ ಊರಿಂದ ಕಣಿವೆಗೆ ರಸ್ತೆ ಮಾಡಿಸಿ ಸುಂಕ ವಸೂಲಿಗೆ ನಿಂತರು. ಸುಂಕದ ಬಗ್ಗೆ ಜನ ಗೊಣಗಿದ್ದೂ ಉಂಟು. 1876ರಲ್ಲಿ ಅಂಚೆ ಕಚೇರಿ ಅವರ ಜಮೀನಿನಲ್ಲೇ ಶುರುವಾಯಿತು, ಅದನ್ನು ನೋಡಿಕೊಂಡವರು ಕ್ಲಾರಾ. ದನದ ಜೊತೆಗೆ ಮರ ಕೊಯ್ಯುವ ಮಿಲ್ಲು, ಪ್ರವಾಸಿಗರಿಗೆ ಬಾಡಿಗೆ ಮನೆ ಎಲ್ಲವನ್ನೂ ನಡೆಸಿದರು. ಬರೀ ದನದಿಂದ ಸಂಸಾರ ಸಾಗೋದು ಅಲ್ಲೂ ಕಷ್ಟವೇ. 1896ರಲ್ಲಿ ಬೆಟ್ಟದಲ್ಲಿ ಅದಿರು ಹುಡುಕುತ್ತಿದ್ದಾಗ ಸಿಡಿಲು ಬಡಿದು ಅಲೆಕ್ಸಾಂಡರ್ ತೀರಿಕೊಂಡರು.

ಮಗ ಡೊನಾಲ್ಡ್ 1910ರಲ್ಲಿ ಜಮೀನನ್ನು ವಹಿಸಿಕೊಂಡು ಬೆಳೆಸಿದರು. 1915ರಲ್ಲಿ ಪಕ್ಕದಲ್ಲೇ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ ಆಯಿತು. ಪ್ರವಾಸಿಗರು ಹೆಚ್ಚಿದರು, ಜಮೀನಿನ ಬೆಲೆ ಏರಿತು. ತೊಂದರೆ ಶುರುವಾದದ್ದೇ ಇಲ್ಲಿ. ದನ ಮೇಯಿಸಿ ಬರುವ ಆದಾಯ ಹಳೇದು, ತೆರಿಗೆ ಮಾತ್ರ ಸೈಟಿನ ಬೆಲೆಗೆ.

ಡೊನಾಲ್ಡರ ಒಬ್ಬಳೇ ಮಗಳು ಮ್ಯೂರಿಯಲ್. ಕಾನೂನು ಪದವಿ ಪಡೆದಿದ್ದಾಕೆ, ಮದುವೆಯಾಗಲಿಲ್ಲ. 1950ರ ಹೊತ್ತಿಗೆ ತಂದೆ ತಾಯಿ ಇಬ್ಬರೂ ಹೋದರು. ಮುಂದಿನ 20 ವರ್ಷ ಆಸ್ತಿ ತೆರಿಗೆಯ ಹೊರೆ ಹೊತ್ತುಕೊಂಡು ಆಕೆಯೇ ಜಮೀನು ನಡೆಸಿದರು. ಎಕರೆಗಟ್ಟಲೆ ಭೂಮಿ ಇದ್ದರೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಮಾರಿ ಹಾಯಾಗಿ ಇರಬಹುದಿತ್ತು, ಇರಲಿಲ್ಲ. 1970ರಲ್ಲಿ ತೀರಿಕೊಂಡಾಗ, ಜಮೀನು ದನದ ಜಮೀನಾಗಿಯೇ ಉಳಿಯಬೇಕು, ಶಿಕ್ಷಣಕ್ಕೆ ಬಳಕೆಯಾಗಬೇಕು ಎಂದು ಉಯಿಲು ಬರೆದಿಟ್ಟಿದ್ದರು.

ಉಯಿಲು ಬರೆದ ಮಾತ್ರಕ್ಕೆ ಆಗಲಿಲ್ಲ. ಮತ್ತೆ ವ್ಯಾಜ್ಯ, ಮತ್ತೆ ತೆರಿಗೆ. 1983ರಲ್ಲಿ ದಾರಿ ಸಿಕ್ಕಿತು. ಉದ್ಯಾನ ಇಲಾಖೆಯವರು ಸುಮಾರು 40 ಲಕ್ಷ ಡಾಲರ್ ಕೊಟ್ಟು 1,221 ಎಕರೆಯ ಮೇಲೆ ಒಂದು ಹಕ್ಕನ್ನು ಮಾತ್ರ ಕೊಂಡುಕೊಂಡರು. ಇದರ ಮರ್ಮ ಗಮನಿಸಬೇಕು. ಒಡೆತನ ಟ್ರಸ್ಟಿನದೇ, ದನ ಮೇಯೋದೂ ನಿಲ್ಲೋದಿಲ್ಲ, ಆದರೆ ಸೈಟು ಮಾಡಿ ಮಾರೋ ಹಾಗಿಲ್ಲ. ದನ ಹೊರಗೆ ಹಾಕಿ ಬೇಲಿ ಬಿಗಿಯುವುದೊಂದೇ ಕಾಡು ಉಳಿಸುವ ದಾರಿ ಅಂದುಕೊಂಡವರು ಇದನ್ನು ನೋಡಬೇಕು ಅನಿಸುತ್ತೆ ನಮಗೆ.

ಇಂದಿಗೂ ಅಲ್ಲಿ ದನಗಳಿವೆ. ಹಳೇ ಮನೆ 1973ರಿಂದ ಮ್ಯೂಸಿಯಂ ಆಗಿದೆ. ಶಾಲಾ ಮಕ್ಕಳು ಬಂದು ಹಾಲಿನ ಮನೆ, ಕಮ್ಮಾರಸಾಲೆ, ಕೊಟ್ಟಿಗೆ ಎಲ್ಲ ನೋಡಿಕೊಂಡು ಹೋಗುತ್ತಾರೆ.