ಬಾಲದ ಮೇಲಿನ ಗುರುತು

ಅಮೆರಿಕದ ಈಶಾನ್ಯ ತುದಿಯಲ್ಲಿ ಮೇಯ್ನ್ ಎಂಬ ರಾಜ್ಯವಿದೆ. ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ ಅಲ್ಲಿನ ಮೌಂಟ್ ಡೆಸರ್ಟ್ ದ್ವೀಪದ ಕಡೆ ಹೊರಟಿದ್ದ ನಾವು, ರಸ್ತೆಬದಿಯ ಹೊಗೆ ಕಂಡು ಕಾರು ನಿಲ್ಲಿಸಿದೆವು. ಹಲಗೆಯ ಒಂದು ಶೆಡ್ಡು. ಅದರ ಮುಂದೆ ಸೌದೆ ಒಲೆಗಳ ಸಾಲು, ಒಲೆಯ ಮೇಲೆ ಸಮುದ್ರದ ನೀರು ಕುದಿಯುವ ಹಂಡೆಗಳು. ನಮಗೆ ನಮ್ಮೂರಿನ ಮದುವೆಮನೆಯ ಹಿತ್ತಲು ನೆನಪಾಯಿತು. ತೊಟ್ಟಿಯಲ್ಲಿರುವ ಲಾಬ್‌ಸ್ಟರನ್ನು ತೋರಿಸಿದರೆ ತೂಗಿ, ಬಲೆಚೀಲಕ್ಕೆ ಹಾಕಿ ಹಂಡೆಗೆ ಇಳಿಸುತ್ತಾರೆ. ಜೀವಂತ ಇಳಿಸುವುದನ್ನು ಕಂಡು ನಮ್ಮ ಮಕ್ಕಳು ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನಲ್ಲೇ ಅದರ ಕಪ್ಪು ಹಸಿರು ಮೈ ಕೆಂಪಾಗಿ ತಟ್ಟೆಗೆ ಬಂತು. ಜೊತೆಗೆ ಕರಗಿಸಿದ ಬೆಣ್ಣೆ, ಬೇಯಿಸಿದ ಮುಸುಕಿನ ಜೋಳ, ಚಿಪ್ಪು ಒಡೆಯಲು ಒಂದು ಇಕ್ಕಳ.

ನಮ್ಮಲ್ಲಿ ಭಟ್ಕಳದ ಕಡೆಯವರೂ ಬಯಲುಸೀಮೆಯವರೂ ಇದ್ದೆವು. ಶಾಫಿ ಪಂಥದ ಕರಾವಳಿಯವರಿಗೆ ಲಾಬ್‌ಸ್ಟರ್ ತಿನ್ನಲು ಅಡ್ಡಿಯಿಲ್ಲ. ಕಡಲಿನಿಂದ ಮೀನು ಮಾತ್ರ ಎನ್ನುವುದು ಹನಫಿಗಳ ಮತ. ಹೀಗಾಗಿ ಒಂದೇ ಮೇಜಿನ ಅರ್ಧದಲ್ಲಿ ಚಿಪ್ಪಿನ ರಾಶಿ, ಇನ್ನರ್ಧದಲ್ಲಿ ಹ್ಯಾಡಕ್ ಮೀನು ಮತ್ತು ಜೋಳದ ದಿಂಡು. ಯಾರೂ ಯಾರನ್ನೂ ಒತ್ತಾಯಿಸಲಿಲ್ಲ, ಹಳಿಯಲೂ ಇಲ್ಲ. ನಮ್ಮ ಅರಬ್ಬಿ ಕಡಲಿನ ಲಾಬ್‌ಸ್ಟರಿಗೆ ಏಡಿಗಿರುವಂಥ ಈ ದಪ್ಪ ಇಕ್ಕಳಗಾಲುಗಳಿಲ್ಲ ಎಂದು ಭಟ್ಕಳದ ಭಾಭಿ ಬೆರಳು ನೆಕ್ಕುತ್ತಲೇ ಹೇಳಿದರು.

ಬಿಲ್ಲು ನೋಡಿದಾಗ ಮಾತ್ರ ನಾವೆಲ್ಲ ಬೆವರಿದೆವು. ಆದರೆ ಇದೇ ಕಡಲ ದಂಡೆಯಲ್ಲಿ ಲಾಬ್‌ಸ್ಟರ್ ಬಡಿಸಲು ನಾಚುತ್ತಿದ್ದ ಕಾಲವೂ ಇತ್ತು. 1623ರಲ್ಲಿ, ಇಲ್ಲಿಂದ ದಕ್ಷಿಣಕ್ಕಿರುವ ಪ್ಲಿಮತ್ ವಸಾಹತಿಗೆ ಇಂಗ್ಲೆಂಡಿನಿಂದ ಹೊಸಬರು ಬಂದಿಳಿದರು. ಅವರಿಗೆ ಕೊಡಲು ರೊಟ್ಟಿಯಿರಲಿಲ್ಲ. ಲಾಬ್‌ಸ್ಟರ್ ಇಲ್ಲವೆ ಮೀನಿನ ತುಂಡು, ಕುಡಿಯಲು ಊಟೆಯ ನೀರು, ಇಷ್ಟೇ ಇದ್ದದ್ದು ಎಂದು ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾರೆ. ವಾರಕ್ಕೆ ಇಷ್ಟು ಸಲಕ್ಕಿಂತ ಹೆಚ್ಚು ಲಾಬ್‌ಸ್ಟರ್ ಬಡಿಸಕೂಡದು ಎಂದು ಜೀತದಾಳುಗಳು ಕರಾರು ಬರೆಸಿಕೊಳ್ಳುತ್ತಿದ್ದರೆಂಬ ಕಥೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. ಹುಡುಕಿದವರಿಗೆ ಅಂಥ ಒಂದು ಕರಾರುಪತ್ರವೂ ಸಿಕ್ಕಿಲ್ಲ. ಸಾಲ್ಮನ್ ಮೀನಿನ ಬಗೆಗೂ ಇದೇ ಕಥೆಯಿದೆ. ಕಥೆ ಸುಳ್ಳಿರಬಹುದು, ಅದರ ಹಿಂದಿನ ತಾತ್ಸಾರ ಸುಳ್ಳಲ್ಲ. ರಾಗಿ ಮುದ್ದೆಯನ್ನು ನೆಂಟರ ಕಣ್ಣಿಂದ ಮರೆಮಾಡಿದ್ದ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತೊಂಬತ್ತನೆಯ ಶತಮಾನ ಅದರ ದೆಸೆ ತಿರುಗಿಸಿತು. ಒಳಗೆ ಕಡಲ ನೀರು ಆಡುವಂತೆ ತೂತು ಕೊರೆದ ತೊಟ್ಟಿಗಳಿದ್ದ ಹಡಗುಗಳು ಲಾಬ್‌ಸ್ಟರನ್ನು ಜೀವಂತ ಬೋಸ್ಟನ್‌, ನ್ಯೂಯಾರ್ಕ್‌ಗಳಿಗೆ ಒಯ್ದವು. 1840ರ ದಶಕದಲ್ಲಿ ಮೇಯ್ನ್‌ನಲ್ಲಿ ಡಬ್ಬಿ ಕಾರ್ಖಾನೆಗಳು ತೆರೆದವು. ರೈಲು, ಉಗಿಹಡಗುಗಳಲ್ಲಿ ಬೇಸಿಗೆ ಕಳೆಯಲು ಬಂದ ಸಿರಿವಂತರು ಅದರ ರುಚಿ ಹಿಡಿದರು. ಶತಮಾನ ತಿರುಗುವ ಹೊತ್ತಿಗೆ ನ್ಯೂಯಾರ್ಕಿನ ಐಷಾರಾಮಿ ಹೋಟೆಲುಗಳಿಗೇ ‘ಲಾಬ್‌ಸ್ಟರ್ ಅರಮನೆ’ ಎಂಬ ಹೆಸರು ಬಿದ್ದಿತ್ತು. ಪ್ರಾಣಿ ಅದೇ, ರುಚಿಯೂ ಅದೇ. ತಿನ್ನುವವರು ಬದಲಾಗಿದ್ದರು.

ಬೆಲೆಯ ಜೊತೆ ದುರಾಸೆಯೂ ಬಂತು. ಮೊದಲು ನಾಲ್ಕೈದು ಪೌಂಡಿನ ಲಾಬ್‌ಸ್ಟರನ್ನು ಚಿಕ್ಕದೆನ್ನುತ್ತಿದ್ದ ಕಾರ್ಖಾನೆಗಳು ಕೆಲವೇ ದಶಕಗಳಲ್ಲಿ ಅರ್ಧ ಪೌಂಡಿನ ಮರಿಗಳನ್ನೂ ಡಬ್ಬಿಗೆ ತುಂಬತೊಡಗಿದವು. ಆಗ ಕಾನೂನು ಎಚ್ಚೆತ್ತಿತು. 1872ರಲ್ಲಿ ಮೇಯ್ನ್ ರಾಜ್ಯ ಮೊಟ್ಟೆ ಹೊತ್ತ ಹೆಣ್ಣನ್ನು ಹಿಡಿಯುವುದನ್ನು ನಿಷೇಧಿಸಿತು. ಮುಂದೆ ಇನ್ನೊಂದು ಪದ್ಧತಿ ಬಂತು. ಮೊಟ್ಟೆಯಿರುವ ಹೆಣ್ಣು ಬೋನಿಗೆ ಬಿದ್ದರೆ ಮೀನುಗಾರ ಅದರ ಬಾಲದ ರೆಕ್ಕೆಯಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದ ಕಚ್ಚು ಮಾಡಿ ನೀರಿಗೆ ಬಿಡುತ್ತಾನೆ. ಮುಂದೆ ಅದು ಯಾರ ಬೋನಿಗೆ ಬಿದ್ದರೂ, ಆಗ ಮೊಟ್ಟೆಯಿಲ್ಲದಿದ್ದರೂ, ಗುರುತು ಕಂಡವರು ಬಿಟ್ಟುಬಿಡಬೇಕು. ಬೆನ್ನಿನ ಚಿಪ್ಪು ಮೂರೂಕಾಲು ಇಂಚಿಗಿಂತ ಚಿಕ್ಕದಿದ್ದರೆ ಮರಿಯೆಂದು ಬಿಡಬೇಕು, ಐದು ಇಂಚು ಮೀರಿದರೆ ಒಳ್ಳೆಯ ತಳಿಯೆಂದು ಬಿಡಬೇಕು. ನಡುಗಡಲಿನಲ್ಲಿ ನೋಡುವವರು ಯಾರಿದ್ದಾರೆ? ಒಬ್ಬ ಬಡ ಬೆಸ್ತ ಗುರುತು ಹಾಕುತ್ತಾನೆ, ತಾನು ಕಂಡೇ ಇರದ ಇನ್ನೊಬ್ಬ ಅದನ್ನು ಮನ್ನಿಸುತ್ತಾನೆ. ಅಮಾನತ್ ಎಂದರೆ ಇದೇ ಅಲ್ಲವೆ?

2016ರಲ್ಲಿ ಮೇಯ್ನ್‌ನ ದಡಕ್ಕೆ 13 ಕೋಟಿ ಪೌಂಡಿಗೂ ಮೀರಿ ಲಾಬ್‌ಸ್ಟರ್ ಬಂತು. ಅದೇ ದಾಖಲೆ. ಆ ಸಮೃದ್ಧಿಗೆ ಈ ಸಂಯಮದ ಜೊತೆ, ಅವನ್ನು ತಿನ್ನುವ ಕಾಡ್ ಮೀನಿನ ನಾಶವೂ ತುಸು ಬೆಚ್ಚಗಾದ ನೀರೂ ಕಾರಣವಾಗಿದ್ದವು. ಆದರೆ ಬಿಸಿ ಅಲ್ಲಿಗೇ ನಿಲ್ಲಲಿಲ್ಲ. 2004ರಿಂದ 2013ರವರೆಗೆ ಮೇಯ್ನ್ ಕೊಲ್ಲಿ ಜಗತ್ತಿನ ಸಾಗರಗಳ ಬಹುಪಾಲಿಗಿಂತ ವೇಗವಾಗಿ ಕಾಯಿತೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಇನ್ನೂ ದಕ್ಷಿಣದ ಲಾಂಗ್ ಐಲೆಂಡ್ ಕಡಲ್ಗಾಲುವೆಯಲ್ಲಿ 1999ರಲ್ಲೇ ಲಾಬ್‌ಸ್ಟರುಗಳು ರಾಶಿರಾಶಿಯಾಗಿ ಸತ್ತಿದ್ದವು. 2023, 2024ರಲ್ಲಿ ಮೇಯ್ನ್‌ನ ಹಿಡಿತವೂ ಹತ್ತು ಕೋಟಿ ಪೌಂಡಿಗಿಂತ ಕೆಳಗಿಳಿಯಿತು. ಬಾಲದ ಮೇಲಿನ ಕಚ್ಚು ಬೆಸ್ತರ ದುರಾಸೆಯನ್ನು ತಡೆದೀತು. ಊರೂರಿನ ಕಾರು, ಕಾರ್ಖಾನೆಗಳ ಹೊಗೆಯನ್ನು ಅದು ಹೇಗೆ ತಡೆಯಬೇಕು?

ಏಳುವಾಗ ಭಾಭಿ ಚಿಪ್ಪಿನ ರಾಶಿಯಿಂದ ಬಾಲವನ್ನೆತ್ತಿ ತಿರುಗಿಸಿ ನೋಡಿದರು. ಗುರುತಿರಲಿಲ್ಲ. “ಅಲ್ಹಮ್ದುಲಿಲ್ಲಾಹ್, ನಾವು ಬೇರೆಯವರ ಪಾಲು ತಿಂದಿಲ್ಲ” ಎಂದರು. ನಾವು ನಕ್ಕೆವು. ಕಾರು ಚಾಲೂ ಮಾಡುವಾಗ ಮಾತ್ರ ಆ ಮಾತು ಚುಚ್ಚಿತು.