ನಷ್ಟ ಮತ್ತು ಹಾನಿ ನಿಧಿ

ಹವಾಮಾನ ಬದಲಾವಣೆಯಿಂದ ತೀವ್ರವಾಗುತ್ತಿರುವ ನೆರೆ, ಬರ, ಚಂಡಮಾರುತ ಮತ್ತು ಕಡಲ ಮಟ್ಟದ ಏರಿಕೆಗಳಿಗೆ ತುತ್ತಾದ ಬಡ ರಾಷ್ಟ್ರಗಳಿಗೆ ನೆರವು ನೀಡಲು ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿ ಸ್ಥಾಪಿತವಾದ ಅಂತರರಾಷ್ಟ್ರೀಯ ನಿಧಿ. ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ತಗ್ಗಿಸುವ ಮತ್ತು ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳುವ ಕಾರ್ಯಗಳಿಗೆ ಬೇರೆ ನಿಧಿಗಳಿವೆ; ಈಗಾಗಲೇ ಸಂಭವಿಸಿದ, ತಡೆಯಲಾಗದ ಹಾನಿಯನ್ನು ಎದುರಿಸುವುದು ಇದರ ಉದ್ದೇಶ.

ಇಂಥ ವ್ಯವಸ್ಥೆ ಬೇಕೆಂದು ಪೆಸಿಫಿಕ್ ಸಾಗರದ ವನುವಾಟು 1991ರಲ್ಲಿಯೇ ಸಣ್ಣ ದ್ವೀಪರಾಷ್ಟ್ರಗಳ ಪರವಾಗಿ ಪ್ರಸ್ತಾಪಿಸಿತ್ತು. 2013ರಲ್ಲಿ ವಾರ್ಸಾದ ಹವಾಮಾನ ಸಮ್ಮೇಳನದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವ್ಯವಸ್ಥೆಯೊಂದು ರೂಪುಗೊಂಡಿತು. 2015ರ ಪ್ಯಾರಿಸ್ ಒಪ್ಪಂದದ 8ನೆಯ ವಿಧಿ ನಷ್ಟ ಮತ್ತು ಹಾನಿಯನ್ನು ಮಾನ್ಯ ಮಾಡಿತಾದರೂ, ಆ ವಿಧಿ ಪರಿಹಾರದ ಹೊಣೆಗಾರಿಕೆಗೆ ಆಧಾರವಾಗದೆಂದು ಒಪ್ಪಂದವನ್ನು ಅಂಗೀಕರಿಸಿದ ನಿರ್ಣಯವೇ ಸ್ಪಷ್ಟಪಡಿಸಿತು. 2022ರಲ್ಲಿ ಪಾಕಿಸ್ತಾನದ ನೆರೆಯಿಂದ 1,700ಕ್ಕೂ ಹೆಚ್ಚು ಜನ ಸತ್ತರು. ಹಾನಿ ಮತ್ತು ಆರ್ಥಿಕ ನಷ್ಟ ಸುಮಾರು 3,000 ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು. ಇದು ನಿಧಿಯ ಬೇಡಿಕೆಗೆ ಬಲ ತಂದಿತು; ಅದೇ ವರ್ಷದ ನವೆಂಬರಿನಲ್ಲಿ ಈಜಿಪ್ಟಿನ ಶರ್ಮ್ ಅಲ್-ಶೇಖ್ ಸಮ್ಮೇಳನ ನಿಧಿಯ ಸ್ಥಾಪನೆಗೆ ಒಪ್ಪಿತು. 2023ರ ದುಬೈ ಸಮ್ಮೇಳನದಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ವಿಶ್ವಬ್ಯಾಂಕ್ ನಿಧಿಯ ತಾತ್ಕಾಲಿಕ ಆಶ್ರಯದಾತ ಸಂಸ್ಥೆ. ಆಡಳಿತ ಮಂಡಳಿಯ ಆತಿಥೇಯ ದೇಶ ಫಿಲಿಪೀನ್ಸ್.

ನಿಧಿಗೆ ಹಣ ನೀಡುವುದು ಸ್ವಯಂಪ್ರೇರಿತ, ಕಡ್ಡಾಯವಲ್ಲ. ದುಬೈಯಲ್ಲಿ ಘೋಷಣೆಯಾದ ಸುಮಾರು 70 ಕೋಟಿ ಡಾಲರ್, ಪಾಕಿಸ್ತಾನದ ಆ ಒಂದು ನೆರೆಯ ನಷ್ಟದ ನಲವತ್ತನೆಯ ಒಂದು ಭಾಗದಷ್ಟೂ ಇಲ್ಲ.